ಕಾರು ಕಂಡಿತು, ಕಿಡ್ನಿ ಕಾಣಲಿಲ್ಲ

ನನ್ನ ಭಾವ ಅಡಿಗೆಯವರು. ಮೂವತ್ತು ವರ್ಷಗಳಿಂದ ಮದುವೆ, ಗೃಹಪ್ರವೇಶ, ತಿಥಿ ಎಂದು ಒಲೆಯ ಮುಂದೆ ನಿಂತವರು. ಐನೂರು ಎಲೆಯ ಹುಳಿಗೆ ಉಪ್ಪೆಷ್ಟು ಎಂಬುದು ಅವರ ಕೈಗೇ ಗೊತ್ತು, ರುಚಿ ನೋಡುತ್ತಿರಲಿಲ್ಲ. ಈಗ ಅವರ ತಟ್ಟೆಯಲ್ಲಿ ಉಪ್ಪಿಲ್ಲ. ದಿನಕ್ಕೆ ಒಂದೇ ಲೀಟರ್ ನೀರು. ಕಾಫಿ, ಮಜ್ಜಿಗೆ, ಸಾರು ಎಲ್ಲವೂ ಆ ಲೆಕ್ಕದಲ್ಲೇ ಬರಬೇಕು. ನೋಡಲು ಬರುವ ನೆಂಟರು ಕೈಯಲ್ಲಿ ಎಳನೀರು ಹಿಡಿದು ಬರುತ್ತಾರೆ. ಅದರಲ್ಲಿರುವ ಪೊಟ್ಯಾಸಿಯಂ ಇವರ ಪಾಲಿಗೆ ವಿಷ ಎಂದರೆ, ‘ಎಳನೀರೂ ವಿಷವಾಗುತ್ತದೆಯೇ’ ಎಂದು ನಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ.

ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ಸಲ ಡಯಾಲಿಸಿಸ್, ಒಂದೊಂದು ಸಲಕ್ಕೆ ನಾಲ್ಕು ಗಂಟೆ. ವಿಮೆ ಮಾಡಿಸಿರಲಿಲ್ಲ. ಕಾರ್ಮಿಕರಿಗೆ ಯಜಮಾನರು ಕಟ್ಟುವ ಇಎಸ್‌ಐ ವಿಮೆಯಂತೂ ಇಲ್ಲವೇ ಇಲ್ಲ. ಮುಹೂರ್ತಕ್ಕೊಬ್ಬ ಯಜಮಾನ ಬದಲಾಗುವ ಕಸುಬಿನಲ್ಲಿ ಅದನ್ನು ಕಟ್ಟುವವರು ಯಾರು? ಸರ್ಕಾರಿ ಆಸ್ಪತ್ರೆಯಲ್ಲಿ ಯಂತ್ರಗಳೆಲ್ಲ ಭರ್ತಿ, ಹೆಸರು ಬರೆಸಿ ಕಾಯಿರಿ ಎಂದರು. ಕಾಯುವ ರೋಗವಲ್ಲವಲ್ಲ ಇದು. ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಅಕ್ಕನ ಎರಡು ಬಳೆ ಮೊದಲ ತಿಂಗಳಲ್ಲೇ ಹೋದವು.

ಆಗ ಸರ್ಕಾರಿ ಚಿಕಿತ್ಸಾ ಯೋಜನೆಯ ನೆರವಿಗೆಂದು ಆಸ್ಪತ್ರೆಯಲ್ಲಿ ಕೂರುವ ಆರೋಗ್ಯಮಿತ್ರರ ಮೇಜಿನ ಮುಂದೆ ನಿಂತಾಗ ಗೊತ್ತಾಯಿತು, ಭಾವನ ಮನೆಯ ಬಿಪಿಎಲ್ ಕಾರ್ಡ್ ಎಪಿಎಲ್ ಆಗಿಬಿಟ್ಟಿದೆ. ಕಾರಣ ಕಾರು. ಮಗ ಹಳೆಯದೊಂದು ಬಿಳಿ ಬೋರ್ಡಿನ ವ್ಯಾನು ಕೊಂಡಿದ್ದ, ಕೊಪ್ಪರಿಗೆ, ಸೌಟು, ಕೈಯಾಳುಗಳನ್ನು ಸಾಗಿಸಲು. ಹಳದಿ ಬೋರ್ಡ್ ಮಾಡಿಸಲು ದುಡ್ಡಿರಲಿಲ್ಲ. ಬಿಳಿ ಬೋರ್ಡ್ ಎಂದರೆ ಸ್ವಂತ ಬಳಕೆಯ ಕಾರು, ಕಾರೆಂದರೆ ಶ್ರೀಮಂತಿಕೆ. ಕಾಗದದ ಮೇಲೆ ನನ್ನ ಭಾವ ಕಾರಿನಲ್ಲಿ ಓಡಾಡುವ ಕುಳ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದೊಳಗೆ. ಆ ಶೇ 30 ಬಿಲ್ಲಿನದಲ್ಲ, ಸರ್ಕಾರ ಗೊತ್ತುಪಡಿಸಿದ ದರದ್ದು ಎಂಬುದನ್ನು ತಿಳಿಯಲು ನನಗೆ ಎರಡು ದಿನ ಬೇಕಾಯಿತು. ಜೊತೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳಿದರು. ನಾವೋ ಕಾಯಲಾಗದೆ, ಉಸಿರು ಕಟ್ಟಿದ ರಾತ್ರಿ ಹತ್ತಿರದ ಖಾಸಗಿ ಆಸ್ಪತ್ರೆಯ ಬಾಗಿಲಿಗೆ ಓಡಿದವರು.

ನನ್ನ ತಕರಾರು ಇಷ್ಟೇ. ಕಾರು ಇದೆ ಎಂಬುದು ಸರ್ಕಾರಕ್ಕೆ ತಾನಾಗಿಯೇ ಗೊತ್ತಾಯಿತು. ಯಾರೂ ಅರ್ಜಿ ಹಾಕಲಿಲ್ಲ, ಜೆರಾಕ್ಸ್ ಕೊಡಲಿಲ್ಲ. ಸಾರಿಗೆ ಇಲಾಖೆಯ ದಾಖಲೆ ಆಹಾರ ಇಲಾಖೆಗೆ ತಲುಪಿತು, ಕಾರ್ಡ್ ಬದಲಾಯಿತು. ಆದರೆ ಕಿಡ್ನಿ ಹೋಗಿದೆ ಎಂದು ತಿಳಿಸಲು ಮಾತ್ರ ನಾವು ಹನ್ನೊಂದು ಕಾಗದ ಹಿಡಿದು ನಾಲ್ಕು ಕಚೇರಿ ಸುತ್ತಬೇಕು. ಕಸಿದುಕೊಳ್ಳುವಾಗ ಇಲಾಖೆಗಳೆಲ್ಲ ಒಂದೇ ಮನೆಯವರು, ಕೊಡುವಾಗ ಪರಸ್ಪರ ಮುಖ ಪರಿಚಯವೂ ಇಲ್ಲ. ಅಕ್ಕಿಗಾಗಿ ಮಾಡಿದ ಕಾರ್ಡಿನಿಂದ ರೋಗ ಅಳೆಯುವುದೇ ತಪ್ಪು. ಡಾಕ್ಟರ ಚೀಟಿ ನೋಡಿ ಮೊದಲು ಚಿಕಿತ್ಸೆ ಶುರುಮಾಡಿ, ಕಾರ್ಡಿನ ತನಿಖೆ ಆಮೇಲೆ ಮಾಡಿಕೊಳ್ಳಲಿ.

ಇ-ಕೆವೈಸಿಯ, ಅಂದರೆ ಬೆರಳಚ್ಚು ಒತ್ತಿ ಗುರುತು ಖಚಿತಪಡಿಸುವ ಕೆಲಸದ, ಕಥೆ ಕೇಳಿ. ಭಾವನ ಬೆರಳು ಯಂತ್ರಕ್ಕೆ ಒಪ್ಪಿಗೆಯಾಗಲಿಲ್ಲ. ಮೂವತ್ತು ವರ್ಷ ಬಾಣಲೆ, ಬಿಸಿ ಪಾತ್ರೆ ಹಿಡಿದು ಬೆರಳ ತುದಿಯ ಗೆರೆಗಳೇ ಸವೆದಿವೆ. ಹತ್ತೂ ಬೆರಳನ್ನು ಒಂದೊಂದಾಗಿ ಒರೆಸಿ ಒರೆಸಿ ಇಟ್ಟರು. ಕೊನೆಗೆ ಯಂತ್ರದ ಮುಂದೆ ಕೂತಿದ್ದ ಹುಡುಗ, ‘ಸರ್ವರ್ ಕೂಡ ನಿಧಾನ ಇದೆ, ನಾಳೆ ಬನ್ನಿ ಅಜ್ಜಾ’ ಎಂದ. ಬೈಯಲು ಮನಸ್ಸಾಗಲಿಲ್ಲ, ಅವನೂ ಗುತ್ತಿಗೆ ನೌಕರ. ಭಾವನಿಗೆ ಬೇಜಾರಾದದ್ದು ‘ಅಜ್ಜ’ ಎಂದದ್ದಕ್ಕೆ. ಅವರಿಗೆ ಐವತ್ತಾರು.

ಮುಖ್ಯಮಂತ್ರಿ ಪರಿಹಾರ ನಿಧಿಗೂ ಅರ್ಜಿ ಹಾಕಿದ್ದೇವೆ. ಮೂಲ ಬಿಲ್ಲುಗಳನ್ನು ಕೇಳಿದ್ದಾರೆ. ಬಿಲ್ಲು ಬರಬೇಕಾದರೆ ಮೊದಲು ಹಣ ಕಟ್ಟಬೇಕು. ಕಟ್ಟಲು ಹಣವಿದ್ದರೆ ಅರ್ಜಿ ಯಾಕೆ?

ಮೊನ್ನೆ ಪಕ್ಕದ ಮಂಚದ ರೋಗಿಯೊಬ್ಬರು ಡಯಾಲಿಸಿಸ್‌ನ ಸೂಜಿ ಚುಚ್ಚಲೆಂದು ರಕ್ತನಾಳಗಳನ್ನು ಜೋಡಿಸಿ ಮಾಡಿದ, ತಮ್ಮ ಮುಂಗೈಯ ಫಿಸ್ಟುಲಾ ಮೇಲೆ ನನ್ನ ಬೆರಳು ಇರಿಸಿಕೊಂಡರು. ಚರ್ಮದಡಿಯಲ್ಲಿ ದುಂಬಿಯೊಂದು ಸಿಕ್ಕಿಕೊಂಡು ಗುಂಯ್‌ಗುಟ್ಟುವಂತಿತ್ತು. ‘ಇದು ನಿಂತ ದಿನ ಕಷ್ಟ. ಮಲಗುವ ಮುಂಚೆ ದಿನಾ ಮುಟ್ಟಿ ನೋಡಿಕೊಳ್ಳುತ್ತೇನೆ’ ಎಂದರು. ಭಾವನಿಗೆ ಇನ್ನೂ ಆ ಶಸ್ತ್ರಚಿಕಿತ್ಸೆ ಆಗಿಲ್ಲ. ಕುತ್ತಿಗೆಯಲ್ಲಿ ನಳಿಕೆ ಇದೆ, ಸೋಂಕು ತಗುಲೀತೆಂದು ಅಕ್ಕ ನಿದ್ದೆಗೆಟ್ಟಿದ್ದಾಳೆ.

ವ್ಯಾನನ್ನು ಕಳೆದ ತಿಂಗಳು ಮಾರಿದೆವು. ಕೊಂಡವರು ಇನ್ನೂ ಹೆಸರು ವರ್ಗಾಯಿಸಿಕೊಂಡಿಲ್ಲ, ಹಾಗಾಗಿ ದಾಖಲೆಯಲ್ಲಿ ಅದು ನಮ್ಮದೇ. ಈಗ ಡಯಾಲಿಸಿಸ್‌ಗೆ ಐದೂವರೆಯ ಬಸ್ಸಿನಲ್ಲಿ ಹೋಗುತ್ತೇವೆ. ಭಾವ ಕುತ್ತಿಗೆಗೆ ಟವೆಲ್ ಸುತ್ತಿಕೊಂಡಿರುತ್ತಾರೆ. ಅಕ್ಕ ಆಧಾರ್ ತೋರಿಸುತ್ತಾಳೆ, ಕಂಡಕ್ಟರ್ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಹರಿದು ಕೊಡುತ್ತಾರೆ. ಬಿಪಿಎಲ್ಲೋ ಎಪಿಎಲ್ಲೋ, ಮನೆಯಲ್ಲಿ ಕಾರಿದೆಯೋ ಎಂದು ಯಾರೂ ಕೇಳುವುದಿಲ್ಲ.