ಹಣ್ಣಾದ ದೋಣಿ

ದೋಣಿ ಕೊಂಡದ್ದು ಬುದ್ಧಿ ಓಡಿಸಿ ಅಲ್ಲ. ಗಂಗೊಳ್ಳಿಯ ಹೊಳೆಬದಿಯಲ್ಲಿ ಹದಿನೆಂಟಡಿಯ ಹಳೇ ಫೈಬರ್ ದೋಣಿಯೊಂದು ತೆಂಗಿನ ಬುಡದಲ್ಲಿ ಕವುಚಿ ಬಿದ್ದಿತ್ತು. ಅದರಡಿಯಲ್ಲಿ ನಾಯಿಯೊಂದು ಮರಿ ಹಾಕಿತ್ತು. "ಫೈಬರಿಗೆ ಗೆದ್ದಲು ಹಿಡಿಯುದಿಲ್ಲ, ತುಕ್ಕು ಹಿಡಿಯುದಿಲ್ಲ" ಎಂದರು ಮಾರಿದವರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹೇಳದೆ ಬಿಟ್ಟದ್ದೇ ಹೆಚ್ಚಿತ್ತು, ಅಷ್ಟೆ.

ಟೆಂಪೋದಿಂದ ಇಳಿಸಿ ಹಿತ್ತಲಿನ ಹಲಸಿನ ಮರದಡಿ ಇಟ್ಟಾಗ ಅಮ್ಮ ಬಟ್ಟೆ ಒಣಗಿಸುವ ಹಗ್ಗ ಬಿಚ್ಚುತ್ತ ಕೇಳಿದ್ದು ಒಂದೇ ಮಾತು: "ಮೀನ್ ಪ್ಯಾಟಿಯಗೆ ಸಿಕ್ಕುದಿಲ್ಯಾ?"

ನಾರಿನ ಹುರಿಯಲ್ಲಿ ಹಲಗೆ ಹೊಲಿದು, ಮೀನೆಣ್ಣೆ ಬಳಿದು ಕಾಪಾಡುತ್ತಿದ್ದ ಮರದ ದೋಣಿಗಳು ಕೆಟ್ಟರೆ ಬಾಯಿಬಿಟ್ಟು ಹೇಳುತ್ತಿದ್ದವು. ಮರ ಕಪ್ಪಾಗುತ್ತದೆ, ಉಗುರು ಊರಿದರೆ ಒಳಗೆ ಹೋಗುತ್ತದೆ. ಫೈಬರ್ ಬಲು ಗುಟ್ಟಿನ ಜಾತಿ. ಮೇಲೆ ಜೆಲ್‌ಕೋಟ್ ಎಂಬ ಹೊರಲೇಪ ನುಣ್ಣಗೆ ನಗುತ್ತಿರುತ್ತದೆ, ಅದರ ಕೆಳಗೆ ಪದರ ಪದರ ಬಿಟ್ಟುಕೊಂಡಿರುತ್ತದೆ. ಅಲ್ಲಲ್ಲಿ ಕಡಲೆಬೇಳೆ ಗಾತ್ರದ ಬೊಕ್ಕೆಗಳು. ಒಂದನ್ನು ಮೊಳೆಯಿಂದ ಚುಚ್ಚಿದೆ, ಹುಳಿ ವಾಸನೆಯ ನೀರು ಜಿನುಗಿತು. ವರ್ಷಗಟ್ಟಲೆ ನೀರಲ್ಲಿದ್ದದ್ದು ಮೆಲ್ಲಗೆ ನೀರು ಕುಡಿದು, ಗಾಜಿನ ನಾರನ್ನು ಹಿಡಿದಿಟ್ಟ ರೆಸಿನ್ ಎಂಬ ಅಂಟು ಒಳಗೊಳಗೇ ಹುಳಿಯಾಗಿತ್ತು.

ಎಲ್ಲೆಲ್ಲಿ ಕೆಟ್ಟಿದೆ ಎಂದು ತಿಳಿಯುವ ಉಪಾಯ ಒಂದೇ, ತಟ್ಟಿ ನೋಡುವುದು. ಸಣ್ಣ ಸುತ್ತಿಗೆ ಹಿಡಿದು ಇಂಚಿಂಚೂ ತಟ್ಟುತ್ತ ಕೂತಿದ್ದೆ. ಗಟ್ಟಿ ಇದ್ದಲ್ಲಿ 'ಟಕ್' ಅನ್ನಬೇಕು, ಪದರ ಬಿಟ್ಟಲ್ಲಿ 'ಡಬ್'. ನನಗೆ ಎಲ್ಲವೂ ಒಂದೇ ಥರ ಕೇಳುತ್ತಿತ್ತು. ಅಮ್ಮ ಸ್ವಲ್ಪ ಹೊತ್ತು ನೋಡಿದರು, "ಕೊಡ್ ಇಲ್ಲಿ" ಎಂದರು. ಸುತ್ತಿಗೆ ಬದಿಗಿಟ್ಟು, ಬೆರಳು ಮಡಚಿ, ತಲೆ ವಾರೆ ಮಾಡಿ ತಟ್ಟತೊಡಗಿದರು. ಅರವತ್ತು ವರ್ಷ ಹಲಸು ತಟ್ಟಿದ ಬೆರಳು. "ಇಲ್ ಹಣ್ಣಾಯ್ತ್ ಕಾಣ್. ಇಲ್ಲೂ. ಇದೊಂದ್ ಕೊಳ್ತೇ ಹೋಯಿತ್." ನಾನು ಹಿಂದಿನಿಂದ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತ ಹೋದೆ. ಗ್ರೈಂಡರ್ ಹಿಡಿದು ಬಿಡಿಸಿದಾಗ ಒಂದು ಗುರುತೂ ತಪ್ಪಿರಲಿಲ್ಲ.

ಗ್ರೈಂಡರ್ ವಿಷಯ ಹೆಚ್ಚು ಬೇಡ. ಮಾಸ್ಕ್, ಕನ್ನಡಕ, ತುಂಬುತೋಳಿನ ಅಂಗಿ ಎಲ್ಲ ಇದ್ದರೂ ಗಾಜಿನ ಪುಡಿ ಕುತ್ತಿಗೆ ಹುಡುಕಿಕೊಂಡು ಬಂತು. ತುರಿಕೆ ಮೂರು ದಿನ. ನನ್ನ ಬಟ್ಟೆಗೆ ಬೇರೆ ಬಕೆಟ್ ಬಂತು, ಊಟಕ್ಕೆ ಬೇರೆ ಮಣೆ ಬರುವುದೊಂದು ಬಾಕಿ.

ಒಳಗಿನ ಕತೆ ಇನ್ನೂ ಚೆಂದ. ಅಡಿಯ ಪ್ಲೈವುಡ್ ನೆನೆದ ರೊಟ್ಟಿಯಂತೆ ಕೈಗೆ ಬಂತು. ದೋಣಿ ಮುಳುಗದಿರಲೆಂದು ಕೂರುವ ಪೆಟ್ಟಿಗೆಯೊಳಗೆ ತುಂಬಿದ್ದ ಫೋಮು ನೀರು ಕುಡಿದು ದೋಣಿಯನ್ನೇ ಕೆಳಗೆ ಎಳೆಯುವಷ್ಟು ಭಾರವಾಗಿತ್ತು. ಅದನ್ನು ಕೆರೆದು ತೆಗೆದು, ಜಾಣತನ ತೋರಿಸಿ, ಫ್ರಿಜ್ಜಿನ ಡಬ್ಬಿಯಲ್ಲಿ ಬಂದಿದ್ದ ಥರ್ಮೋಕೋಲ್ ತುಂಬಿದೆ. ಮೇಲೆ ರೆಸಿನ್ ಹೊಯ್ದೆ. ಬೊಂಬಾಯಿ ಮಿಠಾಯಿ ಬಾಯಲ್ಲಿ ಕರಗಿದ ಹಾಗೆ ಥರ್ಮೋಕೋಲ್ ಕಣ್ಣೆದುರೇ ಮಾಯ! ಪಾಲಿಯೆಸ್ಟರ್ ರೆಸಿನ್ನಿನಲ್ಲಿರುವ ಸ್ಟೈರೀನ್ ಅದನ್ನು ಕರಗಿಸುತ್ತದಂತೆ. 'ಅಂತೆ' ಎಂದು ನಾನು ಕಲಿತದ್ದೆಲ್ಲ ಹೀಗೆ, ಕೆಟ್ಟ ಮೇಲೆಯೇ.

ರೆಸಿನ್ ಮಾರುವವರು ಒಂದು ಮಾತು ಮೂರು ಸಲ ಹೇಳಿದ್ದರು: ಗಟ್ಟಿಯಾಗುವುದನ್ನು ಚುರುಕು ಮಾಡುವ ಕೋಬಾಲ್ಟನ್ನು ಮೊದಲು ರೆಸಿನ್ನಿಗೆ ಪೂರ್ತಿ ಕಲಸಿ, ಆಮೇಲೆ ಗಟ್ಟಿಯಾಗಿಸುವ ಹಾರ್ಡನರ್ ಹಾಕಿ, ಅವೆರಡನ್ನು ಮಾತ್ರ ನೇರ ಬೆರೆಸಬೇಡಿ, ಸಿಡಿಯುತ್ತದೆ. ಅದನ್ನು ಪಾಲಿಸಿದೆ. ಹಾರ್ಡನರ್ ನೂರಕ್ಕೆ ಒಂದರಿಂದ ಎರಡು ಪಾಲು ಸಾಕು ಎಂದದ್ದನ್ನು ಮಾತ್ರ, ಅಡುಗೆಗೆ ಉಪ್ಪು ಹಾಕುವವರ ಧೈರ್ಯದಲ್ಲಿ, ಕೈ ಅಳತೆಗೆ ಬಿಟ್ಟೆ. ಮಾರ್ಚಿನ ಬಿಸಿಲು ಬೇರೆ. ಐದೇ ನಿಮಿಷದಲ್ಲಿ ಬಕೆಟ್ಟು ಬಿಸಿಯಾಗಿ ಹೊಗೆ ಬಂತು. ಬ್ರಷ್ಷು ಹೂತಂತೆಯೇ ನಿಂತು ಕಲ್ಲಾಯಿತು. ಜೇನಿನ ಬಣ್ಣದ ಆ ಉಂಡೆ ಈಗ ಹಿಂಬಾಗಿಲು ಗಾಳಿಗೆ ಬಡಿಯದ ಹಾಗೆ ಒತ್ತಾಗಿದೆ. ಬ್ರಷ್ಷಿನ ಹಿಡಿಯಿಂದ ಎತ್ತಿಡಲು ಅನುಕೂಲ ಎಂದು ಅಮ್ಮನ ಮೆಚ್ಚುಗೆ.

ಮುಂದಿನ ಸಲ ತೂಕ ಮಾಡಿಯೇ ಕಲಸಿದೆ. ಐದು ಮಿಲಿಮೀಟರ್ ದಪ್ಪದ ಮೈಗೆ ತೂತಿನ ಸುತ್ತ ಹನ್ನೆರಡು ಪಟ್ಟು, ಅಂದರೆ ಆರು ಸೆಂಟಿಮೀಟರ್, ಇಳಿಜಾರಾಗಿ ಉಜ್ಜಬೇಕು. ಅದರ ಮೇಲೆ ಗಾಜಿನ ನಾರಿನ ಮ್ಯಾಟ್ ಹಾಸಿ ರೆಸಿನ್ ಕುಡಿಸುವುದು. ಈ ಒಂದು ಗಳಿಗೆಗಾಗಿ ಉಳಿದ ತುರಿಕೆಯನ್ನೆಲ್ಲ ಸಹಿಸಬಹುದು. ಮದುವೆ ಪಂಚೆಯಷ್ಟು ಬೆಳ್ಳಗಿದ್ದ ಮ್ಯಾಟು ಒದ್ದೆಯಾಗುತ್ತಲೇ ಎಳೆ ಎಳೆಯಾಗಿ ಮರೆಯಾಗುತ್ತದೆ, ಕೆಳಗಿನ ಸೀಮೆಸುಣ್ಣದ ಗೆರೆ ಮತ್ತೆ ಕಾಣುತ್ತದೆ. ಎಲ್ಲಿ ಬಿಳಿ ಉಳಿದಿದೆಯೋ ಅಲ್ಲಿ ಗಾಳಿ ಇದೆ. ರೋಲರ್ ಒತ್ತಿ ಓಡಿಸಬೇಕು. ಕೈಗಂಟಿದ ರೆಸಿನ್ನಿಗೆ ಅಮ್ಮ ಹಲಸಿನ ಮೇಣಕ್ಕೆ ಹಚ್ಚುವ ಕೊಬ್ಬರಿ ಎಣ್ಣೆ ತಂದುಕೊಟ್ಟರು. ಅದು ಮಾತ್ರ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಒಲೆಗೆ ಚಿಪ್ಪು ಒಯ್ಯುತ್ತ ಅವರು ದೋಣಿಯ ಬಳಿ ನಿಂತರು. ನಾನು ನೋಡುತ್ತಿಲ್ಲ ಎಂದುಕೊಂಡು ತೇಪೆಯ ಮೇಲೆ ಎರಡು ಸಲ ತಟ್ಟಿದರು. ಟಕ್, ಟಕ್.

"ಈಗ ಕಾಯಿ" ಎಂದು ತಮಗೆ ತಾವೇ ಹೇಳಿಕೊಂಡು ಒಳಗೆ ಹೋದರು.