ನಾಲ್ಕೇ ನಿಮಿಷ ಸಾಕು ಎಂಬುದು ಅರ್ಧ ಸತ್ಯ

‘ದಿನಕ್ಕೆ ನಾಲ್ಕು ನಿಮಿಷ ತಬಾಟಾ ಮಾಡಿ, ಓಟ, ಗರಡಿ, ಜಿಮ್ ಯಾವುದೂ ಬೇಡ’ ಎಂಬ ಸಂದೇಶ ವಿಜಯಪುರದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ.

ಜಪಾನಿನ ಇಜುಮಿ ತಬಾಟಾ ತಂಡ 1996ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಮೂಲ. 20 ಸೆಕೆಂಡ್ ಸೈಕಲ್ ತುಳಿತ, 10 ಸೆಕೆಂಡ್ ವಿರಾಮ, ಹೀಗೆ ಏಳೆಂಟು ಸುತ್ತು. ಕೊನೆಯ ಸುತ್ತಿಗೆ ಕಾಲು ಸೋತು ಪೆಡಲಿನ ವೇಗ ಕುಸಿಯಬೇಕು, ಅಷ್ಟು ಜೋರು. ಅದಕ್ಕೂ ಮುಂಚೆ 10 ನಿಮಿಷ ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ವಾರಕ್ಕೊಮ್ಮೆ 30 ನಿಮಿಷದ ಹದವಾದ ತುಳಿತವೂ ಇತ್ತು. ಸಂದೇಶದಲ್ಲಿ ಇವೆರಡೂ ಮಾಯ! ಆರು ವಾರಗಳಲ್ಲಿ ದಮ್ಮು ಹೆಚ್ಚಿದ್ದು ಖರೆ. ಆದರೆ ಅವರು ಅಳೆದದ್ದು ದಮ್ಮನ್ನು, ತೋಳ್ಬಲವನ್ನಲ್ಲ.

ಸರ್ವಾಂಗಕ್ಕೂ ಕಸುವು ಬೇಕೆಂದರೆ ವಾರದಲ್ಲಿ ಎರಡು ದಿನ ಅರ್ಧ ತಾಸು ದಂಡ, ಬೈಠಕ್ ಹೊಡೆಯಿರಿ. ದಂಡದಲ್ಲಿ ತಳ್ಳುವ ಕೆಲಸವಷ್ಟೇ ಆಗುತ್ತದೆ. ಎಳೆಯುವುದಕ್ಕೆ ಹಗ್ಗ ಹತ್ತುವುದೋ ಪುಲ್‌ಅಪ್ಪೋ ಸೇರಿಸಿ. ನಮ್ಮ ಗರಡಿಯ ಹಿರಿಯರಿಗೆ ಇದು ಹೊಸದೇನಲ್ಲ. ಇನ್ನೆರಡು ದಿನ ಜೋರು ಓಟ, ನಡುನಡುವೆ ವಿರಾಮ. ಬೇಸಿಗೆಯಲ್ಲಿ ಬಿಸಿಲೇರುವ ಮುಂಚೆಯೇ ಮುಗಿಸಿ.

ಬಿಪಿ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ತಬಾಟಾಕ್ಕೆ ಕೈಹಾಕಬೇಡಿ.