ನಿಧಾನಕ್ಕೆ ನಡೆಯಲು ತಲೆಗೆ ಸಾವಿರದ ಐನೂರು

ಬೆಂಗಳೂರಿನಿಂದ ಬಂದ ತಂಗಿಯ ಮಗ ಬ್ಯಾಗು ಇಳಿಸುವ ಮೊದಲೇ ಹೇಳಿದ, "ಮಾವ, ಈ ಸಲ ನಾನು ಸ್ಲೋ ಟ್ರಾವೆಲ್ ಮಾಡೋದು."

ನನಗೆ ಖುಷಿಯಾಯಿತು. ಮುಂಬಯಿಯ ಮಾಟುಂಗಾದಲ್ಲಿ ಇರುವವರಿಗೆ ಬೇರೆ ಗತಿ ಏನಿದೆ? ಸೆಂಟ್ರಲ್ ಲೈನಿನ ಫಾಸ್ಟ್ ಗಾಡಿ ನಮ್ಮ ಸ್ಟೇಷನ್ನನ್ನು ನೋಡಿಯೂ ನೋಡದ ಹಾಗೆ ಹೋಗುತ್ತದೆ. ಮೂವತ್ತು ವರ್ಷ ಸ್ಲೋ ಲೋಕಲಿನಲ್ಲೇ ಫೋರ್ಟಿನ ಆಫೀಸಿಗೆ ಹೋಗಿ ಬಂದವನು ನಾನು. "ಹಾಗಾದ್ರೆ ನಾಳೆ ಎಂಟೂಕಾಲಿನ ಸ್ಲೋ ಹಿಡಿಯುವ ಮಾರಾಯ" ಎಂದೆ.

ಅವನು ನಕ್ಕ. ಸ್ಲೋ ಟ್ರಾವೆಲ್ ಅಂದರೆ ಅದಲ್ಲವಂತೆ. ಒಂದು ಊರಿಗೆ ಹೋಗಿ ಹತ್ತು ಜಾಗ ನೋಡುವ ಧಾವಂತ ಬಿಟ್ಟು, ಒಂದೆರಡು ಬೀದಿಯನ್ನು ನಿಧಾನಕ್ಕೆ ಸುತ್ತುವುದು. ಹೋಗುವ ಬರುವ ಜನರನ್ನು ನೋಡುವುದು. ಎಲ್ಲಾದರೂ ಕಟ್ಟೆ ಕಂಡರೆ ಕೂರುವುದು. ನಾನು ಹುಡುಗನಾಗಿದ್ದಾಗ ರಜೆಯಲ್ಲಿ ಕುಂದಾಪುರಕ್ಕೆ ಹೋದರೆ ಇದನ್ನೇ ಮಾಡುತ್ತಿದ್ದೆ. ಅಜ್ಜಿ ಅದಕ್ಕೆ "ಕೆಲಸ ಇಲ್ಲದೆ ತಿರುಗುವುದು" ಎನ್ನುತ್ತಿದ್ದಳು. ಬೈಗುಳ ಪುಕ್ಕಟೆ. ಈಗ ಅದಕ್ಕೆ ತಲೆಗೆ ಸಾವಿರದ ಐನೂರು ರೂಪಾಯಿ. ನನ್ನದನ್ನೂ ಸೇರಿಸಿ ಬುಕ್ ಮಾಡಿಬಿಟ್ಟಿದ್ದ.

ಭಾನುವಾರ ಬೆಳಗ್ಗೆ ಏಳಕ್ಕೆ ಫ್ಲೋರಾ ಫೌಂಟನ್ ಹತ್ತಿರ ಸೇರಬೇಕು. ದಾದಾಭಾಯಿ ನವರೋಜಿ, ಅಂದರೆ ಡಿ.ಎನ್. ರಸ್ತೆಯ ಉದ್ದಕ್ಕೂ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಅಂದರೆ ಸಿಎಸ್‌ಎಂಟಿ ಸ್ಟೇಷನ್ನಿನವರೆಗೆ ನಡಿಗೆ. ನಾವು ಮಾಟುಂಗಾದಿಂದ ಲೋಕಲಿನಲ್ಲಿ ಸಿಎಸ್‌ಎಂಟಿಗೆ ಬಂದು, ಅಲ್ಲಿಂದ ನಡೆದು ಫೌಂಟನ್ನಿಗೆ ಹೋದೆವು. ಅಂದರೆ ಅದೇ ದಾರಿಯನ್ನು ಆಗಲೇ ಒಮ್ಮೆ ಪುಕ್ಕಟೆ ನಡೆದಾಗಿತ್ತು. ಹನ್ನೆರಡು ನಿಮಿಷ. ಅಳಿಯ ಇದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. "ಇದು ಸುಮ್ನೆ ಬಂದಿದ್ದು ಮಾವ, ವಾಕ್ ಇನ್ನೂ ಶುರುವಾಗಿಲ್ಲ."

ಉಳಿದ ಹದಿನಾಲ್ಕು ಜನ ಕಾರಿನಲ್ಲಿ ಬಂದರು. ಒಬ್ಬೊಬ್ಬರಿಗೆ ಒಂದೊಂದು ಕಾರು ಎಂದರೂ ತಪ್ಪಿಲ್ಲ. ಜಾಗ ಸಿಗದವರು ಎರಡು ಚಕ್ರ ಫುಟ್‌ಪಾತಿನ ಮೇಲೆ ಹತ್ತಿಸಿ ನಿಲ್ಲಿಸಿದರು. ಹೀಗಾಗಿ ನಮ್ಮ ಕಾಲ್ನಡಿಗೆ ಕಾರುಗಳಿಗೆ ದಾರಿ ಬಿಟ್ಟು, ರಸ್ತೆಗಿಳಿದು ಆರಂಭವಾಯಿತು.

ಗೈಡು ಚಂದದ ಹುಡುಗ. ಕಸೂತಿ ಜುಬ್ಬಾ, ಕೊರಳಲ್ಲಿ ಮೈಕು. "ನಗರದ ಸದ್ದಿಗೆ ಕಿವಿಗೊಡಿ" ಎಂದು ಹೇಳಿ ಎಲ್ಲರ ಕಿವಿಗೂ ಇಯರ್‌ಫೋನ್ ಸಿಕ್ಕಿಸಿದ. ಕೆಟ್ಟದಾಗಿ ಹೇಳಲಿಲ್ಲ. ಈ ಫೌಂಟನ್ 1864ರದ್ದು, ಮೇಲೆ ನಿಂತವಳು ರೋಮನ್ನರ ಹೂವಿನ ದೇವಿ. ಫೋರ್ಟಿನ ಗೋಡೆಗಳನ್ನು 1860ರ ದಶಕದಲ್ಲೇ ಕೆಡವಿದರು, ಊರು ಉಸಿರಾಡಲಿ ಎಂದು. ಕೋಟೆ ಹೋಯಿತು, ಹೆಸರು ಉಳಿಯಿತು. ಈಗ ಅಲ್ಲಲ್ಲಿ ಬ್ಯಾರಿಕೇಡು ಇಟ್ಟು ಹೆಸರಿಗೆ ನ್ಯಾಯ ಒದಗಿಸುತ್ತಿದ್ದಾರೆ. ಈ ಕೊನೆಯ ಮಾತು ನನ್ನದು, ಅವನದಲ್ಲ.

ಆಮೇಲೆ ಅವನು ಒಂದು ಅಭ್ಯಾಸ ಮಾಡಿಸಿದ. ಕಾಲು ಎತ್ತುವಾಗ ಉಸಿರು ಒಳಗೆ, ಇಡುವಾಗ ಹೊರಗೆ, ಕಣ್ಣು ಮೇಲೆ, ಕಟ್ಟಡದ ನೆತ್ತಿಯ ಮೇಲೆ. ನಾನು ಒಪ್ಪಲಿಲ್ಲ. ಮುಂಬಯಿಯಲ್ಲಿ ಕಣ್ಣು ಮೇಲೆ ಮಾಡಿ ನಡೆಯುವವನು ಒಂದೋ ಹೊಸಬ, ಇಲ್ಲವೇ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಳ್ಳಲು ಹೊರಟವನು. ಇಲ್ಲಿ ಕಣ್ಣು ಪೇವರ್ ಬ್ಲಾಕಿನ ಮೇಲೆ ಇರಬೇಕು. ಯಾವ ಬ್ಲಾಕು ಗಟ್ಟಿ, ಯಾವುದು ಅಲುಗುತ್ತದೆ, ಮಳೆಗಾಲದಲ್ಲಿ ಯಾವುದನ್ನು ಮೆಟ್ಟಿದರೆ ಅಡಿಯ ಕೆಸರು ಪಿಚಕ್ಕೆಂದು ಮೊಣಕಾಲವರೆಗೆ ಹಾರುತ್ತದೆ, ಇದೆಲ್ಲ ಬಾಯಿಪಾಠ ಇರಬೇಕು. ನಮ್ಮ ಗಲ್ಲಿಯ ಮೂಲೆಯಲ್ಲಿ ಅಂಥದ್ದೊಂದಿದೆ. ಎರಡು ಸಲ ಹೊಸದಾಗಿ ಹಾಸಿದರು. ಎರಡು ಸಲವೂ ಅದು ತನ್ನ ಅಭ್ಯಾಸ ಬಿಡಲಿಲ್ಲ. ನಿಧಾನವಾಗಿ ನಡೆಯುವುದನ್ನು ಇಷ್ಟು ಚೆನ್ನಾಗಿ ಕಲಿಸಿದ ಗುರು ಇನ್ನೊಬ್ಬರಿಲ್ಲ. ಫೀಸೂ ತಗೊಂಡಿಲ್ಲ.

ಈ ಊರು ನಡೆಯುವವರಿಗೆ ಏನೂ ಕೊಟ್ಟಿಲ್ಲ ಎಂದರೆ ತಪ್ಪಾಗುತ್ತದೆ. 2008ರಲ್ಲಿ ಬಾಂದ್ರಾ ಸ್ಟೇಷನ್ನಿನಿಂದ ಕಲಾನಗರದ ಕಡೆಗೆ ರಸ್ತೆಯ ಮೇಲೆ ಎತ್ತರದಲ್ಲಿ ನಡೆಯುವ ಸ್ಕೈವಾಕ್ ಕಟ್ಟಿದರು. ನೆಲ ಕಾರಿಗೆ, ಆಕಾಶ ನಮಗೆ. ಆಸ್ತಿ ಪಾಲಿನಲ್ಲಿ ಅಣ್ಣ ತೋಟ ಇಟ್ಟುಕೊಂಡು ತಮ್ಮನಿಗೆ ಗಾಳಿ ಬೆಳಕು ಬಿಟ್ಟುಕೊಟ್ಟ ಹಾಗೆ. ಹತ್ತು ವರ್ಷ ಚಿಲ್ಲರೆಯಲ್ಲಿ ಅದನ್ನೂ ಮುಚ್ಚಿದರು, ಕೆಡವಿದರು, ಪುನಃ ಕಟ್ಟಲು ಹೊರಟರು. 2024ರಲ್ಲಿ ಸಮುದ್ರದ ಮೇಲಿನ ಅಟಲ್ ಸೇತು ಬಂತು, 21.8 ಕಿಲೋಮೀಟರ್. ಅಲ್ಲಿ ಬೈಕು, ರಿಕ್ಷಾ, ನಡೆಯುವವರು ಯಾರಿಗೂ ಪ್ರವೇಶವಿಲ್ಲ. ಅಷ್ಟು ದೂರ ನಡೆಯುವ ಹುಚ್ಚು ನನಗೂ ಇಲ್ಲ ಬಿಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ನಡೆಯುವವರಿಗೆ ಫುಟ್‌ಪಾತ್ ಸಿಗುವುದು ಸಂವಿಧಾನದ 21ನೇ ವಿಧಿಯ ಹಕ್ಕು ಎಂದಿತು. ಅದು ಜೀವದ ಹಕ್ಕಿನ ವಿಧಿ. ಸರಿಯಾಗಿಯೇ ಹೇಳಿದ್ದಾರೆ. ಫುಟ್‌ಪಾತಿನಿಂದ ಕೆಳಗೆ ಕಾಲಿಟ್ಟರೆ ಇಲ್ಲಿ ಜೀವದ ಪ್ರಶ್ನೆಯೇ ಅಲ್ವಾ?

ಡಿ.ಎನ್. ರಸ್ತೆಯ ಕಮಾನುಗಳ ಕೆಳಗೆ ಬಂದಾಗ ಗೈಡು ನಿಂತ. ಬಿಸಿಲು ಮಳೆ ತಾಗದ ಹಾಗೆ ಜನ ನಡೆಯಲಿ ಎಂದು, ಕಟ್ಟಡಗಳ ಕೆಳಗೆ ಇಂಥ ಕಮಾನುಸಾಲು ಬಿಡಬೇಕೆಂದು ಆಗ ನಿಯಮವೇ ಇತ್ತಂತೆ. ಎಲ್ಲರೂ "ವಾವ್" ಎಂದರು. ನನಗೆ ಅಪ್ಪನ ನೆನಪಾಯಿತು. ಹದಿನಾಲ್ಕನೇ ವಯಸ್ಸಿಗೆ ಬಂದು ಇಲ್ಲೇ ಒಳಗಿನ ಗಲ್ಲಿಯ ಉಡುಪಿ ಹೋಟೆಲಿನಲ್ಲಿ ಗ್ಲಾಸು ತೊಳೆದವನು. ಸಂಜೆ ಇದೇ ಕಮಾನುಗಳ ಕೆಳಗೆ ಓಡೋಡಿ ಕನ್ನಡ ರಾತ್ರಿ ಶಾಲೆಗೆ ಹೋಗುತ್ತಿದ್ದ. ಈ ಸಿಎಸ್‌ಎಂಟಿ ಹತ್ತಿರದ ಬೋರಿಬಂದರಿನಿಂದ ದಾದರಿಗೆ ಟ್ರಾಮ್ ಇತ್ತು, 1964ರ ಮಾರ್ಚ್ 31ರವರೆಗೆ. ದಾದರಿನ ಚಿಕ್ಕಪ್ಪನ ಖೋಲಿಗೆ ಅಪ್ಪ ಆ ಟ್ರಾಮಿನ ದುಡ್ಡು ಉಳಿಸಿ ನಡೆದೇ ಹೋಗುತ್ತಿದ್ದ. ಇದನ್ನು ಅಳಿಯನಿಗೆ ಹೇಳಿದೆ. ಅವನು ಕಣ್ಣರಳಿಸಿ, "ಅಜ್ಜ ಆಗ್ಲೇ ಸ್ಲೋ ಟ್ರಾವೆಲ್ ಮಾಡ್ತಿದ್ರಾ ಮಾವ?" ಎಂದ.

ಅಪ್ಪ ಬದುಕಿದ್ದರೆ ಉತ್ತರ ಕೊಡುತ್ತಿದ್ದ. ನಾನು ಸುಮ್ಮನಾದೆ.

ಒಂದು ಮಾತು ಒಪ್ಪಬೇಕು. ಸಿಎಸ್‌ಎಂಟಿಯ ಗೇಟಿನ ಕಂಬಗಳ ಮೇಲೆ ಒಂದು ಸಿಂಹ, ಒಂದು ಹುಲಿ ಕೂತಿವೆ. ಸಿಂಹ ಬ್ರಿಟಿಷರದ್ದು, ಹುಲಿ ನಮ್ಮದು. ಮೂವತ್ತು ವರ್ಷ ಅದೇ ಸ್ಟೇಷನ್ನಿನಲ್ಲಿ ಇಳಿದು ಹತ್ತಿದವನು ನಾನು ಅವೆರಡನ್ನೂ ನೋಡಿರಲಿಲ್ಲ. ನೋಡಲು ನಿಂತಿದ್ದರೆ ಹಿಂದಿನವರು ತುಳಿದುಕೊಂಡು ಹೋಗುತ್ತಿದ್ದರು. ಆ ಹುಲಿಯ ಮುಖ ನೋಡುತ್ತಾ ಐದು ನಿಮಿಷ ನಿಂತೆ. ಸಾವಿರದ ಐನೂರರಲ್ಲಿ ಐವತ್ತಾದರೂ ವಸೂಲಾಯಿತು.

ಎರಡೂವರೆ ಗಂಟೆಯಲ್ಲಿ ಸುಮಾರು ಒಂದು ಕಿಲೋಮೀಟರು ಮುಗಿದಿತ್ತು. ಕಪ್ಪು-ಹಳದಿ ಬಣ್ಣದ ಕಾಳಿ-ಪೀಲಿ ಟ್ಯಾಕ್ಸಿಯಲ್ಲಿ ಕೂತರೆ, 2025ರ ದರದಲ್ಲಿ ಒಂದೂವರೆ ಕಿಲೋಮೀಟರಿಗೆ 31 ರೂಪಾಯಿ. ಕೂತು ಹೋದರೆ ಮೂವತ್ತೊಂದು, ನಡೆದು ಹೋದರೆ ಸಾವಿರದ ಐನೂರು. ಗೈಡು ಎಲ್ಲರಿಗೂ ಬಟ್ಟೆಯ ಚೀಲ ಕೊಟ್ಟ, ಗ್ರೂಪ್ ಫೋಟೋ ಆಯಿತು, ಚಪ್ಪಾಳೆ ಆಯಿತು.

ಆಮೇಲೆ ಒಬ್ಬರಿಗೆ ಹೊಳೆಯಿತು. ಕಾರುಗಳೆಲ್ಲ ಫೌಂಟನ್ ಹತ್ತಿರ ಇವೆ.

ಹದಿನಾಲ್ಕು ಜನವೂ ಮೊಬೈಲು ತೆಗೆದು ಕ್ಯಾಬ್ ಹುಡುಕತೊಡಗಿದರು. ಉಸಿರು ಒಳಗೆ ಹೊರಗೆ ಎಂದು ಎಲ್ಲರಿಗಿಂತ ಚೆನ್ನಾಗಿ ನಡೆದಿದ್ದ ಹೆಂಗಸೊಬ್ಬರು ಕಾಯಲಾರದೆ ಓಡಿಹೋಗಿ ಒಂದು ಟ್ಯಾಕ್ಸಿಗೆ ಕೈ ಅಡ್ಡ ಹಿಡಿದರು. ಡ್ರೈವರ್ ಗಾಜು ಇಳಿಸಿದ. ಎಲ್ಲಿಗೆ ಎಂದು ಕೇಳಿದ. ಫೌಂಟನ್ ಎಂದರು. ಅವರನ್ನು ಒಮ್ಮೆ, ಅವರ ಕಾಲಿನ ದುಬಾರಿ ವಾಕಿಂಗ್ ಶೂಸನ್ನು ಒಮ್ಮೆ ನೋಡಿದ.

"ಇತ್ನೇ ಪಾಸ್? ಪೈದಲ್ ಜಾವೋ ನಾ ಮೇಡಂ."

ಇಷ್ಟು ಹತ್ತಿರಕ್ಕೆ ನಡೆದೇ ಹೋಗಿ ಎಂದವನೇ ಗಾಜು ಏರಿಸಿಕೊಂಡು ಹೊರಟೇಹೋದ.